ಓದಿದವರು ಇಬ್ಬರು

ಬೆಳಗ್ಗೆ ಆರೂವರೆಯ ಬಸ್ಸು ಹತ್ತಿದಾಗ ಅಕ್ಕನಿಗೆ ಓದಿ ಹೇಳಲು ಅವನ ಕೈಯಲ್ಲಿ ಒಂದು ಕಥೆಯೂ ಇರಲಿಲ್ಲ. ಒಂದು ಅಂದರೆ ಒಂದೂ. ಮೊನ್ನೆ ಅರ್ಧಕ್ಕೆ ನಿಲ್ಲಿಸಿದ್ದು ಸಮುದ್ರದಡಿಯ ಪಟ್ಟಣಕ್ಕೆ ಮೀನುಗಳ ಜನಗಣತಿ ಮಾಡಲು ಹೋದ ಗುಮಾಸ್ತನ ಕಥೆ. ಏಳು ಅಧ್ಯಾಯದವರೆಗೆ ಧಾರಾಳವಾಗಿ ಬಾಗಿಲು ತೆರೆದು ಕೂರಿಸಿಕೊಂಡಿದ್ದ ಜಾಲತಾಣ, ಇವತ್ತು ಫೋನಿನಲ್ಲಿ ಎಂಟನೆಯದನ್ನು ಒತ್ತಿದರೆ ಪುಟ್ಟದೊಂದು ಬೀಗದ ಚಿತ್ರ ತೋರಿಸಿ ಬಾಯಿ ಮುಚ್ಚಿಕೊಂಡಿತು. ಇನ್ನೊಂದು ತಾಣ ‘ಸಾವಿರಾರು ಕಥೆಗಳು, ಸಂಪೂರ್ಣ ಉಚಿತ’ ಎಂದು ಕೂಗಿ ಕರೆದು, ಒಳಗೆ ಹೋದ ಮೇಲೆ ಹೆಸರು ಕೇಳಿತು, ಊರು ಕೇಳಿತು, ಗುಪ್ತಪದ ಕೇಳಿತು, ಆ ಗುಪ್ತಪದ ಸಾಲದು ಇನ್ನೂ ಗಟ್ಟಿಯಾದದ್ದು ಕೊಡು ಅಂದಿತು, ಕೊನೆಗೆ ಒಂಬತ್ತು ಚಿತ್ರಗಳನ್ನು ಮುಂದಿಟ್ಟು ಇದರಲ್ಲಿ ಸೇತುವೆ ಎಲ್ಲೆಲ್ಲಿದೆ ತೋರಿಸು, ನೀನು ಮನುಷ್ಯನೇ ಎಂದು ಗೊತ್ತಾಗಲಿ ಅಂದಿತು. ಅವನು ಸೇತುವೆಗಳನ್ನು ಮುಟ್ಟಿದ. ತಪ್ಪು, ಮತ್ತೆ ಪ್ರಯತ್ನಿಸಿ. ಮತ್ತೆ ಮುಟ್ಟಿದ. ಮತ್ತೂ ತಪ್ಪು. ಮೂರನೆಯ ಸಲಕ್ಕೆ ಬಸ್ಸು ಗುಂಡಿಗೆ ಬಿದ್ದು ಬೆರಳು ಜಾರಿ, ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ತೆರೆದುಕೊಂಡು ಗಟ್ಟಿಯಾಗಿ ಹಾಡತೊಡಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಅವನ ಬೋಳುತಲೆಯನ್ನೊಮ್ಮೆ, ಫೋನನ್ನೊಮ್ಮೆ ನೋಡಿ ಕಿಟಕಿಯ ಕಡೆ ತಿರುಗಿ ನಕ್ಕಳು. ನಗಲಿ ಬಿಡು ಅಂದುಕೊಂಡ. ಆದರೂ ಕಿವಿ ಬಿಸಿಯಾಯಿತು.

ಬಿಟ್ಟಿ ಸಿಗುತ್ತದೆ ಅಂದಮಾತ್ರಕ್ಕೆ ಸುಲಭವಾಗಿ ಸಿಗುತ್ತದೆ ಅಂತೇನಿಲ್ಲ. ಏಳು ತಿಂಗಳಿಂದ ವಾರಕ್ಕೆ ಮೂರು ದಿನ ಅವನು ಇದೇ ಕೆಲಸ ಮಾಡಿಕೊಂಡು ಬಂದಿದ್ದಾನೆ. ಹಳೆಯ ಪತ್ರಿಕೆಗಳ ಸಂಗ್ರಹ ಎಲ್ಲಿದೆ, ಯಾವ ಗ್ರಂಥಾಲಯ ಹಕ್ಕು ಮುಗಿದ ಪುಸ್ತಕಗಳನ್ನು ಹಾಗೇ ತೆರೆದಿಟ್ಟಿದೆ, ಯಾವ ಲೇಖಕ ಮೊದಲ ಭಾಗವನ್ನು ಸುಮ್ಮನೆ ಕೊಟ್ಟು ಎರಡನೆಯದಕ್ಕೆ ಗಾಳ ಹಾಕುತ್ತಾನೆ, ಯಾವ ತಾಣದಲ್ಲಿ ಯಾರು ಬೇಕಾದರೂ ತಮ್ಮ ಕಥೆ ತಂದು ಸುರಿಯಬಹುದು, ಎಲ್ಲವೂ ಒಂದು ನೋಟುಬುಕ್ಕಿನಲ್ಲಿದೆ. ಅಕ್ಕನ ಷರತ್ತುಗಳೇನು ಕಮ್ಮಿಯೇ? ಈ ಲೋಕದ ಕಥೆ ಬೇಡ. ಅಡುಗೆಮನೆ ಬೇಡ, ಆಸ್ಪತ್ರೆ ಬೇಡ, ಗಂಡಹೆಂಡಿರ ಜಗಳ ಮೊದಲೇ ಬೇಡ. ಇಪ್ಪತ್ತಾರು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಾ ಈ ಲೋಕದ ಪಠ್ಯಪುಸ್ತಕ, ಕಾನೂನು ವರದಿ, ರೈಲು ವೇಳಾಪಟ್ಟಿ, ಚುನಾವಣೆಯ ಮತದಾರರ ಪಟ್ಟಿ ಎಲ್ಲವನ್ನೂ ಅಕ್ಷರ ಬಿಡದೆ ಓದಿ ಮುಗಿಸಿದವಳು ಅವಳು. “ಸಾಕಪ್ಪಾ ಇದು. ಬೇರೆ ಯಾವುದಾದ್ರೂ ಲೋಕ ಇದ್ರೆ ತಗೊಂಡ್ ಬಾ,” ಅಂದಿದ್ದಳು, ಡಯಾಲಿಸಿಸ್ ಯಂತ್ರಕ್ಕೆ ಮೊದಲ ಸಲ ಕೈಕೊಟ್ಟು ಮಲಗಿದ ದಿನ. ಅವನು ಹಾರುವ ಊರು, ಮಾತಾಡುವ ಕಲ್ಲು, ಎರಡು ಸೂರ್ಯನ ಕೆಳಗೆ ನೆರಳಿಲ್ಲದೆ ಬದುಕುವ ಜನ, ಏನೇನು ಸಿಕ್ಕಿತೋ ಅದನ್ನೆಲ್ಲ ಹೊತ್ತುಕೊಂಡು ಬಂದ. ಅಕ್ಕನ ರಕ್ತ ಯಂತ್ರದೊಳಗೆ ಹೋಗಿ ತೊಳೆದುಕೊಂಡು ವಾಪಸು ಬರಲು ನಾಲ್ಕು ಗಂಟೆ ಬೇಕು. ಆ ನಾಲ್ಕು ಗಂಟೆ ತುಂಬಿಸುವುದು ತನ್ನ ಕೆಲಸ ಎಂದು ಅವನಿಗೆ ಅವನೇ ಹೇಳಿಕೊಂಡಿದ್ದ. ಅದೊಂದು ಮಾಡಿದರೆ ಉಳಿದದ್ದನ್ನು ಯಾರೂ ಕೇಳುವುದಿಲ್ಲ ಎಂಬ ಹಾಗೆ.

ಆಸ್ಪತ್ರೆಯ ನಿಲ್ದಾಣಕ್ಕೆ ಇನ್ನೂ ಎರಡು ನಿಲ್ದಾಣ ಇರುವಾಗ ಫೋನು ಗುರುಗುಟ್ಟಿತು. ಅಕ್ಕನ ಸಂದೇಶ. “ಇವತ್ತು ಹುಡುಕಬೇಡ. ನಾನೇ ಒಂದು ನೋಡಿಟ್ಟಿದೀನಿ. ಕೊನೇ ಒಂದು ಗಂಟೆಗೆ ಆಗುತ್ತೆ, ಚಿಕ್ಕದು.” ಕೆಳಗೊಂದು ಕೊಂಡಿ. ಅಬ್ಬಾ, ಬದುಕಿದೆ ಅನ್ನಿಸಿತು. ಒತ್ತಿ ನೋಡಿದ. ಯಾರು ಬೇಕಾದರೂ ಸುರಿಯಬಹುದಾದ ಆ ತಾಣದ್ದೇ. ತಲೆಬರಹ ‘ಎರಡು ದೀಪದವರು’. ಲೇಖಕರ ಹೆಸರಿನ ಜಾಗ ಖಾಲಿ. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಓದಿದವರು: ೧. ಪಾಪ, ಯಾವನೋ ಬಡಪಾಯಿ ಕೂತು ಬರೆದಿದ್ದಾನೆ, ನಮ್ಮಕ್ಕ ಒಬ್ಬಳನ್ನು ಬಿಟ್ಟರೆ ಮೂಸಿ ನೋಡಿದವರಿಲ್ಲ ಎಂದು ನಗು ಬಂತು. ಮುಂದೆ ಓದದೆ ಫೋನನ್ನು ಜೇಬಿಗೆ ಹಾಕಿದ. ಓದಬಾರದು. ಅದು ಅಚ್ಚುಕೂಟದ ಕಾಲದ ನಿಯಮ. ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುವವನು ಮುಂದೇನಿದೆ ಎಂದು ಮೊದಲೇ ತಿಳಿದುಕೊಳ್ಳಬಾರದು. ತಿಳಿದುಕೊಂಡರೆ ಬಾಯಿ ಇರುವುದನ್ನು ಬಿಟ್ಟು ಇರಬೇಕಾದದ್ದನ್ನು ಓದಿಬಿಡುತ್ತದೆ.

ಹದಿನಾಲ್ಕು ವರ್ಷ ಅವನು ಅಕ್ಕನ ಎದುರಿಗೆ ಮೇಜಿನ ಆಚೆ ಬದಿಗೆ ಕೂತು ಹಾಗೆ ಓದಿದ್ದ. ಅವನು ಮೂಲ ಓದಬೇಕು, ಅವಳು ಅಚ್ಚಾದ ಕರಡಿನ ಮೇಲೆ ಪೆನ್ಸಿಲ್ ಹಿಡಿದು ಹಿಂಬಾಲಿಸಬೇಕು. ಕಾಮಾ ಇದ್ದಲ್ಲಿ ಕಾಮಾ ಅನ್ನಬೇಕು, ಪೂರ್ಣವಿರಾಮಕ್ಕೆ ಪೂರ್ಣವಿರಾಮ, ಪ್ಯಾರಾ ಮುರಿದರೆ ಪ್ಯಾರಾ. ಎರಡೂ ತಾಳೆಯಾಗದಿದ್ದರೆ ಅವಳ ತೋರುಬೆರಳು ಮೇಲೇಳುತ್ತಿತ್ತು. ಬೆರಳು ಎದ್ದರೆ ಅವನು ನಿಲ್ಲಬೇಕು. ಅಷ್ಟೇ. ಮಾತಿಲ್ಲ, ಕಥೆಯಿಲ್ಲ. ಪುಟ ಮುಗಿದಾಗ ಅವಳು “ಸರಿ ಇದೆ” ಅಂದರೆ ಆ ಪುಟ ಅಚ್ಚಿಗೆ ಹೋಯಿತು ಅಂತ ಅರ್ಥ. ಅರ್ಥ ತಿಳಿಯದೆ ಗಡಗಡ ಓದುತ್ತಾನೆಂದು ಅಚ್ಚುಕೂಟದವರು ಅವನಿಗೆ ಗಿಣಿ ಅಂತ ಹೆಸರಿಟ್ಟಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲಾಮೇಲೆ ಗಿಣಿ ಅಂತ ಕರೆಯದಿದ್ದರೆ ತಿರುಗಿ ನೋಡುತ್ತಿರಲಿಲ್ಲ. ಅಚ್ಚುಕೂಟ ಮುಚ್ಚಿ ಆರು ವರ್ಷವಾಯಿತು. ಈಗ ಅವನು ಜೆರಾಕ್ಸ್ ಅಂಗಡಿಯೊಂದರಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಯಂತ್ರದ ಮುಂದೆ ನಿಲ್ಲುತ್ತಾನೆ. ಅಲ್ಲಿ ಯಾರೂ ಏನನ್ನೂ ಓದುವುದಿಲ್ಲ.

ಅಕ್ಕ ಆಗಲೇ ಮಲಗಿದ್ದಳು. ಎಡಗೈ ಚಾಚಿ ದಿಂಬಿನ ಮೇಲಿಟ್ಟು, ಎರಡು ಸೂಜಿ ಚುಚ್ಚಿಸಿಕೊಂಡು, ಬಲಗೈಯಲ್ಲಿ ಫೋನನ್ನು ಎದೆಯ ಮೇಲೆ ಕವುಚಿ ಹಾಕಿಕೊಂಡು. ಮುಖ ಊದಿಕೊಂಡಿತ್ತು. ಐವತ್ತನಾಲ್ಕು ವರ್ಷದ ಮುಖ ಕೆಲವು ದಿನ ಎಪ್ಪತ್ತರ ಹಾಗೆ, ಕೆಲವು ದಿನ ಎಳೆಮಗುವಿನ ಹಾಗೆ ಕಾಣುತ್ತಿತ್ತು. ಇವತ್ತು ಎರಡೂ ಅಲ್ಲ.

“ತಿಂಡಿ ತಿಂದ್ಯಾ?” ಅಂದಳು ಕಣ್ಣು ತೆರೆಯದೆ.

“ತಿಂದೆ.”

“ಸುಳ್ಳು. ಬಾಯಿ ಒಣಗಿದೆ, ದನೀಲೇ ಗೊತ್ತಾಗುತ್ತೆ. ಹೋಗು, ಕೆಳಗೆ ಕಾಫಿನಾದ್ರೂ ಕುಡ್ದು ಬಾ. ಓದೋಕೆ ಇನ್ನೂ ಮೂರು ಗಂಟೆ ಇದೆ.”

“ಇರ್ಲಿ ಬಿಡಕ್ಕಾ.”

ಪಕ್ಕದ ಹಾಸಿಗೆಯಲ್ಲಿ ನಿವೃತ್ತ ಗಣಿತದ ಮೇಷ್ಟ್ರು ಮಲಗಿದ್ದರು. ಅವರದೂ ಅದೇ ದಿನ, ಅದೇ ಹೊತ್ತು. ಕಥೆಯನ್ನು ಬೇಡವೆಂದರೂ ಕೇಳಿಸಿಕೊಳ್ಳಬೇಕಾದ ಪಾಡು ಅವರದು. “ಬಂದ್ರೇನಪ್ಪಾ ಕಾಮಾ ಪೂರ್ಣವಿರಾಮ?” ಅಂದರು. “ಮೊನ್ನೆ ಆ ಮೀನಿನ ಲೆಕ್ಕ ಎಲ್ಲಿಗೆ ಬಂತು? ಮನೇಲಿ ಕೂತು ತಲೆ ಕೆಡಿಸ್ಕೊಂಡಿದೀನಿ ನಾನು.”

“ಬೀಗ ಹಾಕ್ಬಿಟ್ಟಿದಾರೆ ಮೇಷ್ಟ್ರೇ.”

“ಥತ್, ಅವರ ಮನೆ ಹಾಳಾಗ!” ಅಂದ ಮೇಷ್ಟ್ರು ನಿಜವಾಗಿಯೂ ನೊಂದುಕೊಂಡರು. “ಏಳು ಅಧ್ಯಾಯ ಬಾಯಿ ಚಪ್ಪರಿಸೋ ಹಾಗ್ ಮಾಡಿ… ಏನ್ ಜನಾರೀ. ನಾನು ಸತ್ತುಹೋದ್ರೆ ಆ ಗುಮಾಸ್ತ ಮೇಲೆ ಬಂದ್ನೋ ಇಲ್ವೋ ಅಂತ ಗೊತ್ತಾಗೋದೇ ಇಲ್ಲ.”

ಅಕ್ಕ ನಕ್ಕಳು. ನಗುವಾಗ ಎಡಗೈ ಅಲ್ಲಾಡದಂತೆ ನಗುವುದನ್ನು ಅವಳು ಕಲಿತಿದ್ದಳು. ಅವನೂ ನಕ್ಕ, ಆದರೆ ಮೇಷ್ಟ್ರು ‘ಸತ್ತುಹೋದ್ರೆ’ ಎಂಬ ಮಾತನ್ನು ಅಷ್ಟು ಸಲೀಸಾಗಿ ಆಡಿದ್ದು ಅವನ ಹೊಟ್ಟೆಯೊಳಗೆ ಎಲ್ಲೋ ಹೋಗಿ ಕೂತಿತು. ಹೊಟ್ಟೆಯೊಳಗೆ ಏನೇನಿದೆ ಎಂದು ನಲವತ್ತಾರು ವರ್ಷ ಅವನು ಯೋಚಿಸಿದವನೇ ಅಲ್ಲ. ಈಗ ಆರು ವಾರದಿಂದ ಎಡಮಗ್ಗುಲಿಗೆ ಹೊರಳಿದರೂ ಬಲಮಗ್ಗುಲಿಗೆ ಹೊರಳಿದರೂ, ಬೆನ್ನಿನ ಕೆಳಗೆ ಪಕ್ಕೆಲುಬಿನ ಮರೆಯಲ್ಲಿ ಎರಡು ಕೂತುಕೊಂಡು ಸದ್ದಿಲ್ಲದೆ ಕೆಲಸ ಮಾಡುತ್ತಿವೆ ಎಂಬುದು ನೆನಪಾಗುತ್ತದೆ. ಒಂದು ಸಾಕಂತೆ ಬದುಕಲು. ಎಲ್ಲರೂ ಅದನ್ನೇ ಹೇಳುತ್ತಾರೆ, ಪುಸ್ತಕದಲ್ಲೂ ಹಾಗೇ ಬರೆದಿದೆ. ಹಾಗಾದರೆ ಎರಡು ಯಾಕಿವೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಈ ಕೋಣೆಯಿಂದ ಹೊರಗೆ ಹೋಗಿ ಎಡಕ್ಕೆ ತಿರುಗಿದರೆ ಮೂರನೆಯ ಬಾಗಿಲು. ಆರು ವಾರದ ಹಿಂದೆ ಅಲ್ಲಿ ಅಂಗಾಂಗ ಕಸಿ ವಿಭಾಗದ ಕೋಆರ್ಡಿನೇಟರ್ ಮೇಡಂ ಅವನನ್ನು ಕೂರಿಸಿ, ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಮೂತ್ರಪಿಂಡವನ್ನು ಅವನ ಕೈಗೆ ಕೊಟ್ಟಿದ್ದಳು, ಮಕ್ಕಳಿಗೆ ಆಟದ ಸಾಮಾನು ಕೊಡುವ ಹಾಗೆ. ಅದು ಡಬ್ಬಿಯಂತೆ ಎರಡು ಹೋಳಾಗಿ ತೆರೆದುಕೊಳ್ಳುತ್ತಿತ್ತು. “ನಿಮ್ಮ ರಕ್ತ ನಿಮ್ಮ ಅಕ್ಕನಿಗೆ ಹೊಂದುತ್ತೆ. ಉಳಿದ ಪರೀಕ್ಷೆಗಳೂ ಹೊಂದಿವೆ. ಒಡಹುಟ್ಟಿದವರಲ್ಲೂ ಇಷ್ಟು ಚೆನ್ನಾಗಿ ಹೊಂದೋದು ಅಪರೂಪ ಕಣ್ರೀ,” ಅಂದಳು. ಅವನು ಹೂಂ ಅಂದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಏನು ಕಂಡಳೋ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದಳು. “ಇದು ಬಲವಂತ ಅಲ್ಲ. ನಿಮಗೆ ಮನಸ್ಸಿಲ್ಲ ಅಂದ್ರೆ ನಾವು ಅವರಿಗೆ ‘ಹೊಂದಲಿಲ್ಲ’ ಅಂತಷ್ಟೇ ಹೇಳ್ತೀವಿ. ಬಾಗಿಲು ತೆಗೆದೇ ಇದೆ. ಯಾರೂ ಕಾರಣ ಕೇಳಲ್ಲ.” ಅವನು ಯೋಚಿಸಲು ಒಂದು ದಿನ ಕೊಡಿ ಎಂದು ಕೇಳಬಹುದಿತ್ತು. ಮನೆಯಲ್ಲಿ ಮಾತಾಡಿ ಬರುತ್ತೇನೆ ಅನ್ನಬಹುದಿತ್ತು. ಅದರ ಬದಲು ಅವನು ಕೈಯಲ್ಲಿದ್ದ ಎರಡು ಹೋಳನ್ನು ಮತ್ತೆ ಸೇರಿಸಲು ನೋಡಿದ. ಸೇರಲಿಲ್ಲ. ಒತ್ತಿದ. ಪಟ್ಟೆಂದು ಹಾರಿ ಒಂದು ಹೋಳು ಮೇಜಿನಡಿಗೆ ಹೋಯಿತು. ಮೊಣಕಾಲೂರಿ ಮೇಜಿನಡಿಗೆ ತೂರಿ, ಮೇಡಂನ ಚಪ್ಪಲಿಗಳ ನಡುವಿನಿಂದ ಆ ಅರ್ಧ ಮೂತ್ರಪಿಂಡವನ್ನು ಎತ್ತಿಕೊಳ್ಳುತ್ತಾ, ಮುಖ ಕಾಣಿಸದ ಆ ಜಾಗದಿಂದಲೇ, “ಹಾಗೇ ಹೇಳ್ಬಿಡಿ ಮೇಡಂ,” ಅಂದುಬಿಟ್ಟ.

ಅಯ್ಯೋ, ಎಂಥ ಜಾಗದಿಂದ ಹೇಳಿದೆ ಆ ಮಾತನ್ನು! ಅದನ್ನು ನೆನೆದರೆ ಈಗಲೂ ಅವನ ಮೈ ಮುದುಡುತ್ತದೆ. ಹೊರಗೆ ಬಂದು ಅಕ್ಕನಿಗೆ ಅವನೇ ಹೇಳಿದ, ಹೊಂದಲಿಲ್ಲವಂತೆ ಅಂತ. ಅಕ್ಕ “ಹೋಗ್ಲಿ ಬಿಡು” ಅಂದಳು, ಬಸ್ಸು ತಪ್ಪಿತು ಅಂದರೆ ಹೇಗೆ ಅನ್ನುತ್ತಾರೋ ಹಾಗೆ. ಮನೆಯಲ್ಲಿ ಹೆಂಡತಿಗೂ ಅದನ್ನೇ ಹೇಳಿದ. ಅವಳು “ಅಯ್ಯೋ ಪಾಪ, ಅತ್ತಿಗೆ” ಅಂದಳು. ಅನ್ನುವಾಗ ಅವಳ ಮುಖ ಹಗುರಾದದ್ದು ಅವನಿಗೆ ಕಂಡಿತು. ತನ್ನ ಮುಖವೂ ಹಾಗೇ ಕಂಡಿರಬೇಕು ಅಕ್ಕನಿಗೆ ಎಂದು ಹೊಳೆದದ್ದು ಆಮೇಲೆ. ಅವತ್ತಿನಿಂದ ಅವನು ಕಥೆ ಹುಡುಕುವುದು ಎರಡು ಪಟ್ಟು ಹೆಚ್ಚಾಯಿತು. ಊಟ ಮಾಡುವಾಗ ಹುಡುಕಿದ, ಅಂಗಡಿಯಲ್ಲಿ ಯಂತ್ರ ಹಾಳೆ ಉಗುಳುತ್ತಿರುವಾಗ ಹುಡುಕಿದ. ಒಳ್ಳೆಯ ಕಥೆ ಸಿಕ್ಕಿದ ದಿನ ಅವನ ಎದೆಯ ಮೇಲಿನ ಭಾರ ಅರ್ಧ ಇಳಿಯುತ್ತಿತ್ತು. ಅದು ಎಷ್ಟು ಅಗ್ಗದ ಸಮಾಧಾನ ಎಂಬುದು ಗೊತ್ತಿಲ್ಲದೆ ಏನಿಲ್ಲ. ಗೊತ್ತಿತ್ತು.

ಒಂಬತ್ತೂವರೆಗೆ ಸಿಸ್ಟರ್ ಬಂದು ಅಕ್ಕನ ರಕ್ತದೊತ್ತಡ ನೋಡಿ, ತಲೆಯ ಕಡೆ ಮಂಚ ಸ್ವಲ್ಪ ಏರಿಸಿ ಹೋದಳು. ಯಂತ್ರದ ಚಕ್ರ ತಿರುಗುತ್ತಲೇ ಇತ್ತು. ಕೊಳವೆಯಲ್ಲಿ ಅಕ್ಕನ ರಕ್ತ ಒಂದು ಕಡೆಯಿಂದ ಹೋಗುತ್ತಿತ್ತು, ಇನ್ನೊಂದು ಕಡೆಯಿಂದ ಬರುತ್ತಿತ್ತು. ಅದನ್ನು ನೋಡಬಾರದೆಂದು ಅವನು ಯಾವಾಗಲೂ ಫೋನು ನೋಡುತ್ತಿದ್ದ. ಹತ್ತಕ್ಕೆ ಹತ್ತು ನಿಮಿಷವಿದ್ದಾಗ ಅಕ್ಕ ಎದೆಯ ಮೇಲಿದ್ದ ಫೋನನ್ನು ಮೇಲ್ಮುಖ ಮಾಡಿ ಬಲಗೈ ಹತ್ತಿರ ಹಾಸಿಗೆಯ ಮೇಲಿಟ್ಟುಕೊಂಡಳು.

“ಶುರು ಮಾಡು,” ಅಂದಳು.

“ಯಾರಕ್ಕಾ ಬರೆದಿದ್ದು? ಹೆಸರೇ ಇಲ್ಲ.”

“ಹೆಸರು ತಗೊಂಡು ಏನ್ ಮಾಡ್ತೀಯ? ಇರೋದನ್ನ ಓದು.”

ಅವನು ಗಂಟಲು ಸರಿಮಾಡಿಕೊಂಡು ಓದತೊಡಗಿದ. “ಸೂರ್ಯ ಹುಟ್ಟದ ಊರೊಂದಿತ್ತು, ಪೂರ್ಣವಿರಾಮ. ಅಲ್ಲಿಯ ಜನರಿಗೆ ಪಕ್ಕೆಲುಬಿನ ಕೆಳಗೆ ಹುಟ್ಟುವಾಗಲೇ ಎರಡು ದೀಪಗಳಿರುತ್ತಿದ್ದವು, ಕಾಮಾ, ಎಡಕ್ಕೊಂದು, ಕಾಮಾ, ಬಲಕ್ಕೊಂದು, ಪೂರ್ಣವಿರಾಮ.” ಓದುತ್ತಾ ಓದುತ್ತಾ ಊರು ಕಣ್ಣಮುಂದೆ ಬಂತು. ತಮ್ಮ ಮೈಯ ಬೆಳಕಿನಲ್ಲೇ ದಾರಿ ನೋಡಿಕೊಂಡು ನಡೆಯುವ ಜನ, ಎದುರಿಗೆ ಬಂದವರ ಅಂಗಿಯೊಳಗಿನ ಬೆಳಕು ನೋಡಿ ಗುರುತು ಹಿಡಿಯುವ ಮಕ್ಕಳು. ಚೆನ್ನಾಗಿದೆಯಲ್ಲ ಅನ್ನಿಸಿತು. ಬಿಟ್ಟಿ ಕಥೆಗಳಲ್ಲಿ ಹೀಗೆ ಕಾಲಿಗೆ ಕಲ್ಲು ತಾಗದೆ ಓದಿಸಿಕೊಂಡು ಹೋಗುವುದು ಅಪರೂಪ. ಸಾಮಾನ್ಯವಾಗಿ ಮೊದಲ ಪ್ಯಾರಾ ಮುಗಿಯುವಷ್ಟರಲ್ಲಿ ಅಕ್ಕನ ಬೆರಳು ಮೂರು ಸಲ ಎದ್ದಿರುತ್ತಿತ್ತು. “ಅಲ್ಲಿ ಕಾಮಾ ಯಾಕೆ? ಎತ್ತಿ ಬಿಸಾಕು.” “ನಾಯಕನ ಹೆಸರು ಎರಡನೇ ಪುಟದಲ್ಲಿ ಬದಲಾಗಿದೆ, ಯಾರೂ ನೋಡೇ ಇಲ್ವಾ?” ಮೇಷ್ಟ್ರು ಅದಕ್ಕೇ ಕಾಯುತ್ತಾ ಇರುತ್ತಿದ್ದರು. ಇವತ್ತು ಎರಡು ಪುಟವಾದರೂ ಬೆರಳು ಏಳಲಿಲ್ಲ. ಅವನು ಓರೆಗಣ್ಣಿನಿಂದ ನೋಡಿದ. ಬೆರಳು ಹಾಸಿಗೆಯ ಮೇಲೆ ಫೋನಿನ ಪಕ್ಕದಲ್ಲಿ ಸುಮ್ಮನೆ ಮಲಗಿತ್ತು. ಸುಸ್ತಾಗಿದ್ದಾಳೆ, ಕೇಳಿಸಿಕೊಳ್ಳುತ್ತಲೂ ಇಲ್ಲವೇನೋ ಅಂದುಕೊಂಡ.

ಮೂರನೆಯ ಪುಟದಲ್ಲಿ ಒಬ್ಬ ಹೆಂಗಸು ಬಂದಳು. ದೀಪಗಳ ಲೆಕ್ಕ ಬರೆಯುವ ಕಚೇರಿಯಲ್ಲಿ ಕೆಲಸ ಮಾಡುವವಳು. ಅವಳ ಎರಡು ದೀಪವೂ ಮಂಕಾಗುತ್ತಾ ಬಂದವು. ಊರಿನಲ್ಲೊಬ್ಬ ದೀಪ ಅಳೆಯುವವನಿದ್ದ. ಯಾರ ದೀಪ ಯಾರಿಗೆ ಹೊಂದುತ್ತದೆ ಎಂದು ಹೇಳಬಲ್ಲವನು. “ಆ ಹೆಂಗಸಿಗೆ ಒಬ್ಬ ತಮ್ಮನಿದ್ದ, ಪೂರ್ಣವಿರಾಮ.” ಅವನ ನಾಲಿಗೆ ಅಲ್ಲೇ ತಡವರಿಸಿತು. ಆದರೆ ಗಿಣಿಯ ಬಾಯಿ ನಿಲ್ಲಬೇಕಲ್ಲ. ಓದಿದ. ತಮ್ಮ ಕತ್ತಲಿಗೆ ಹೆದರುವವನು, ಅಕ್ಕನ ಸೆರಗಿನ ಬೆಳಕು ಹಿಡಿದು ದೊಡ್ಡವನಾದವನು. ಓದಿದ. ತಮ್ಮ ಅಳೆಯುವವನ ಹತ್ತಿರ ಹೋದ. ಅದನ್ನೂ ಓದಿದ. ಅಕ್ಷರಗಳು ಇದ್ದಲ್ಲೇ ಇದ್ದವು, ಕಾಮಾಗಳು ಇರಬೇಕಾದಲ್ಲೇ ಇದ್ದವು, ಒಂದಕ್ಷರ ತಪ್ಪಿಲ್ಲ. “ಅಳೆಯುವವನು ಹೇಳಿದ, ಕಾಮಾ, ನಿನ್ನ ದೀಪ ಅವಳಿಗೆ ಹೊಂದುತ್ತದೆ, ಪೂರ್ಣವಿರಾಮ. ತಮ್ಮ ಏನೂ ಮಾತಾಡಲಿಲ್ಲ, ಪೂರ್ಣವಿರಾಮ. ಪ್ಯಾರಾ.”

ಮೇಷ್ಟ್ರು ಪಕ್ಕದಿಂದ, “ಮುಂದೆ? ಕೊಡ್ತಾನೇನ್ರೀ?” ಅಂದರು.

ಅವನು ಪುಟವನ್ನು ಮೇಲಕ್ಕೆ ತಳ್ಳಿದ. ‘ತಮ್ಮ ತನ್ನ ಅಂಗಿಯ ಗುಂಡಿಗಳನ್ನು ಹಾಕಿಕೊಂಡು’ ಎಂದು ಶುರುವಾಗಿದ್ದ ಸಾಲು ಕಂಡಿತು. ಅಷ್ಟೇ. ಅದರ ಮುಂದಕ್ಕೆ ಅವನ ಕಣ್ಣು ಹೋಗಲೇ ಇಲ್ಲ. ಹೋಗಲು ಅವನು ಬಿಡಲಿಲ್ಲ. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಮಾಡದ ಕೆಲಸವನ್ನು ಅವನ ಬಾಯಿ ಮಾಡತೊಡಗಿತು. “ತಮ್ಮ ತನ್ನ ಅಂಗಿಯ ಗುಂಡಿಗಳನ್ನು ಬಿಚ್ಚಿ, ಕಾಮಾ, ತಗೊಳ್ಳಿ ಅಂದ, ಪೂರ್ಣವಿರಾಮ.” ದನಿ ಬದಲಾಗಬಾರದೆಂದು ಎಚ್ಚರದಿಂದ, ಪುಟದ ಮೇಲೆ ಕಣ್ಣಿಟ್ಟು ಏನನ್ನೂ ಓದದೆ ಹೇಳುತ್ತಾ ಹೋದ. ಅಳೆಯುವವನು ಎಡದ ದೀಪ ತೆಗೆದು ಅಕ್ಕನಿಗೆ ಇಟ್ಟ. ನೋವಾಯಿತು, ಆದರೆ ಸಹಿಸಿಕೊಳ್ಳಲಾಗದಷ್ಟೇನಲ್ಲ. ಅಕ್ಕನ ಮೈಯೆಲ್ಲ ಬೆಳಕಾಯಿತು. ಇಬ್ಬರೂ ಒಂದೊಂದು ದೀಪದಲ್ಲಿ ಮನೆಗೆ ನಡೆದು ಹೋದರು. ದಾರಿಯಲ್ಲಿ ಮಕ್ಕಳು ಅವರಿಬ್ಬರನ್ನೂ ಗುರುತು ಹಿಡಿಯದೆ ಕಕ್ಕಾಬಿಕ್ಕಿಯಾದರು. ಈ ಮಕ್ಕಳ ಮಾತು ಹೊಳೆದದ್ದಕ್ಕೆ ಅವನಿಗೆ ಒಂದು ಗಳಿಗೆ ಹೆಮ್ಮೆಯಾಯಿತು, ಥೂ, ಇಂಥ ಹೊತ್ತಿನಲ್ಲೂ ಹೆಮ್ಮೆ.

ಆಗ ನೋಡಿದ. ಅಕ್ಕನ ತೋರುಬೆರಳು ಹಾಸಿಗೆಯಿಂದ ಎದ್ದಿತ್ತು. ಒಂದು ಅಂಗುಲದಷ್ಟು. ಯಾವಾಗ ಎದ್ದಿತ್ತೋ ಗೊತ್ತಿಲ್ಲ. ಬೆರಳು ಎದ್ದರೆ ನಿಲ್ಲಬೇಕು. ಅವನು ನಿಲ್ಲಲಿಲ್ಲ. “ಅವರಿಬ್ಬರೂ ಬಹಳ ಕಾಲ ಬದುಕಿದರು,” ಅಂದ, “ಪೂರ್ಣವಿರಾಮ.” ಬೆರಳು ಹಾಗೇ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ನಿಧಾನವಾಗಿ ಕೆಳಗಿಳಿಯಿತು.

“ಮುಗೀತು,” ಅಂದ ಅವನು.

“ಅಬ್ಬಾ, ಒಂದಾದ್ರೂ ನೆಟ್ಟಗೆ ಮುಗೀತಲ್ಲ ಮಾರಾಯಾ,” ಅಂದರು ಮೇಷ್ಟ್ರು. “ಕೊಡಲ್ವೇನೋ ಅಂತ ಹೆದರ್ಬಿಟ್ಟಿದ್ದೆ. ಒಳ್ಳೇ ಹುಡುಗ.”

ಅಕ್ಕ ಏನನ್ನುತ್ತಾಳೋ ಎಂದು ಅವನು ಕಾದ. ಯಂತ್ರದ ಚಕ್ರ ಎಷ್ಟು ಸುತ್ತು ತಿರುಗಿತೋ. ಕೊನೆಗೆ ಅವಳು ಕಣ್ಣು ಮುಚ್ಚಿಕೊಂಡೇ, “ಸರಿ ಇದೆ,” ಅಂದಳು.

ತಪ್ಪಿರುವ ಪುಟಕ್ಕೆ ಅವಳು ಸರಿ ಇದೆ ಅಂದದ್ದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಒಂದು ಸಲ ಮತದಾರರ ಪಟ್ಟಿಯಲ್ಲಿ ಸತ್ತವನೊಬ್ಬನ ವಯಸ್ಸು ಎರಡು ವರ್ಷ ಹೆಚ್ಚುಕಮ್ಮಿಯಾಗಿತ್ತೆಂದು ಇಡೀ ಅಚ್ಚುಕೂಟವನ್ನು ನಿಲ್ಲಿಸಿದ್ದವಳು. ಮಾಲೀಕರೇ ಬಂದು, ಸತ್ತವನು ಬಂದು ಜಗಳ ಆಡ್ತಾನೇನಮ್ಮ ಅಂದರೆ, ಇರೋದನ್ನ ಇರೋ ಹಾಗೆ ಹಾಕಿ ಅಂದಿದ್ದಳು. ಗೊತ್ತಾಗಿಲ್ಲ, ನಿದ್ದೆಗಣ್ಣಿನಲ್ಲಿ ಅಂದಿರಬೇಕು ಎಂದು ಅವನು ತನಗೆ ತಾನೇ ಹೇಳಿಕೊಂಡ. ಗೊತ್ತಾಗಿದ್ದರೆ ಬೆರಳು ಯಾಕೆ ಇಳಿಯಿತು? ಕೈ ಜೋಮು ಹಿಡಿದಿರಬೇಕು. ಹೀಗೆ ಹೇಳಿಕೊಳ್ಳುತ್ತಿರುವಾಗಲೇ ಯಂತ್ರ ಕೂಗಿಕೊಂಡಿತು. ನಾಲ್ಕು ಗಂಟೆಯಾಗಿತ್ತು.

ಸಿಸ್ಟರ್ ಬಂದು ಕೊಳವೆ ಬಿಡಿಸಿ, ಸೂಜಿ ಕಿತ್ತು, ಆ ಜಾಗದ ಮೇಲೆ ಹತ್ತಿಬಟ್ಟೆ ಮಡಿಸಿಟ್ಟು, “ಬನ್ನಿ, ಒತ್ಕೊಳ್ಳಿ. ಹತ್ತು ನಿಮಿಷ. ನಡುವೆ ತೆಗೆದು ನೋಡ್ಬೇಡಿ, ಚಿಮ್ಮುತ್ತೆ,” ಅಂದಳು. ಪ್ರತಿಸಲವೂ ಹೇಳುತ್ತಿದ್ದಳು, ಪ್ರತಿಸಲವೂ ಅವನು ಹೂಂ ಅನ್ನುತ್ತಿದ್ದ. ಒಂದು ಹೆಬ್ಬೆರಳು ಮೇಲಿನ ಗಾಯದ ಮೇಲೆ, ಇನ್ನೊಂದು ಕೆಳಗಿನ ಗಾಯದ ಮೇಲೆ. ಎರಡು ಕೈಯೂ ಬೇಕು. ಮಂಚದ ಆಚೆ ಬದಿಗೆ, ಅಕ್ಕನ ಕಾಲಿನ ಕಡೆಯಿಂದ ಬಾಗಿ ನಿಂತು ಒತ್ತಿ ಹಿಡಿದ. ಸೂಜಿ ಚುಚ್ಚಲೆಂದೇ ಡಾಕ್ಟರು ಕೊಯ್ದು ಜೋಡಿಸಿದ್ದ ಮುಂಗೈಯ ಆ ಉಬ್ಬಿದ ರಕ್ತನಾಳ ಅವನ ಬೆರಳಿನ ಕೆಳಗೆ ಗುಂಯ್ ಎಂದು ನಡುಗುತ್ತಲೇ ಇತ್ತು. ಅದು ನಡುಗುತ್ತಿದ್ದರೆ ಒಳ್ಳೆಯದಂತೆ. ಮೊದಲ ಸಲ ಮುಟ್ಟಿದಾಗ ಬೆಚ್ಚಿ ಕೈ ತೆಗೆದಿದ್ದ.

ಹಾಗೆ ಬಾಗಿ ನಿಂತವನ ಕಣ್ಣಿಗೆ ಅಕ್ಕನ ಬಲಗೈ ಪಕ್ಕದಲ್ಲಿ ಬಿದ್ದಿದ್ದ ಫೋನು ಕಂಡಿತು. ಪರದೆ ಉರಿಯುತ್ತಿತ್ತು. ಅದೇ ಕಥೆ. ಕೊನೆಯ ಪುಟ. ಅವನಿಗೆ ತಲೆಕೆಳಗಾಗಿ ಕಾಣುತ್ತಿತ್ತು. ಆದರೆ ಹದಿನಾಲ್ಕು ವರ್ಷ ಎದುರಿಗೆ ಕೂತು ಅಕ್ಕನ ಮುಂದಿನ ಕರಡನ್ನು ತಲೆಕೆಳಗಾಗಿಯೇ ಓದಿ ಅಭ್ಯಾಸವಾದವನಿಗೆ ಅದೇನು ಕಷ್ಟ? ಬೇಡವೆಂದರೂ ಕಣ್ಣು ಓದಿತು. ‘ತಮ್ಮ ತನ್ನ ಅಂಗಿಯ ಗುಂಡಿಗಳನ್ನು ಹಾಕಿಕೊಂಡು ಬಾಗಿಲು ದಾಟಿ ಹೋದ. ಅವನು ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. ಅವನು ಬರುವ ಮೊದಲೇ ಅವಳು ಬಂದು ಅಳೆಯುವವನಿಗೆ ಹೇಳಿ ಹೋಗಿದ್ದಳು. ಹೊಂದಿದರೂ ಒಂದು ಬಾಗಿಲು ತೆಗೆದಿಟ್ಟಿರಿ. ಹೊಂದಲಿಲ್ಲ ಅಂತ ನಾನು ನಂಬುತ್ತೇನೆ ಎಂದು ಅವನಿಗೆ ಅನ್ನಿಸಲಿ. ಕಾರಣ ಕೇಳಬೇಡಿ. ಅವನು ಚಿಕ್ಕಂದಿನಿಂದ ಹೆದರುವವನು.’

ಬಾಗಿಲು ತೆಗೆದೇ ಇದೆ, ಯಾರೂ ಕಾರಣ ಕೇಳಲ್ಲ. ಮೂರನೆಯ ಬಾಗಿಲಿನ ಮೇಡಂ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಹೇಳಿದ ಮಾತು. ಎಲ್ಲಿಯೂ ಒಂದು ತಪ್ಪಿಲ್ಲದ ಪುಟ, ಒಮ್ಮೆಯೂ ಏಳದ ಬೆರಳು, ಹೆಸರಿನ ಖಾಲಿ ಜಾಗ. ಇಷ್ಟು ಶುದ್ಧವಾಗಿ ಬರೆಯುವವರು ಅವನಿಗೆ ಗೊತ್ತಿದ್ದದ್ದು ಒಬ್ಬರೇ, ಆ ಒಬ್ಬರ ಕೈಯನ್ನು ಅವನೀಗ ಒತ್ತಿ ಹಿಡಿದು ನಿಂತಿದ್ದಾನೆ. ಗಿಣಿ ಅಂತ ಸುಮ್ಮನೆ ಹೆಸರಿಟ್ಟಿರಲಿಲ್ಲ. ಒಂದು ಬೆರಳಿನಲ್ಲಿ, ಫೋನಿನ ಚಿಕ್ಕ ಚಿಕ್ಕ ಅಕ್ಷರ ಒತ್ತಿ ಒತ್ತಿ ಅವಳು ಇದನ್ನು ಎಷ್ಟು ದಿನ ಬರೆದಳು? ಪುಟದ ಮೂಲೆಯಲ್ಲಿ ಓದಿದವರು: ೨ ಎಂದಿತ್ತು. ಎರಡನೆಯವನು ಓದೇ ಇಲ್ಲ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು.

ಮತ್ತೆ ಓದಿದ. ‘ಅವನು ಓಡಿದ ಸದ್ದು ಅವಳಿಗೆ ಕೇಳಿಸಿತು. ಅವಳಿಗೆ ನೋವಾಗಲಿಲ್ಲ ಎಂದು ಬರೆದರೆ’

ಅಷ್ಟರಲ್ಲಿ ಪರದೆ ಮಂಕಾಯಿತು. ಇನ್ನೇನು ಕಪ್ಪಾಗುತ್ತದೆ. ಅವನ ಎರಡು ಕೈಯೂ ಅಕ್ಕನ ಕೈಯ ಮೇಲಿದ್ದವು. ಒಂದನ್ನು ತೆಗೆದರೆ ರಕ್ತ ಚಿಮ್ಮುತ್ತದೆ. ಮುಂದಿನ ಪದ ಏನಿರಬಹುದು, ಯಾವುದಿದ್ದರೆ ತಾನು ತಡೆದುಕೊಳ್ಳಬಲ್ಲೆ, ಯಾವುದಿದ್ದರೆ ಇಲ್ಲ, ಏನೂ ತೋಚಲಿಲ್ಲ. ಸಿಸ್ಟರನ್ನು ಕರೆಯೋಣವೆಂದರೆ ಕರೆದು ಏನನ್ನುವುದು, ನಮ್ಮಕ್ಕನ ಫೋನು ಸ್ವಲ್ಪ ಮುಟ್ಟಿ ಅನ್ನುವುದೇ? ಬಗ್ಗಿ ಮೂಗಿನಿಂದಾದರೂ ಮುಟ್ಟೋಣವೆಂದು ನೋಡಿದ. ಎಟುಕಲಿಲ್ಲ. ಪರದೆ ಕಪ್ಪಾಗುವ ಮೊದಲಿನ ಆ ಕೊನೆಯ ಮಬ್ಬಿನಲ್ಲಿ ಅವನು ನಿಂತೇ ಇದ್ದ.

ಅಕ್ಕನ ತೋರುಬೆರಳು ಎದ್ದಿತು. ಕಣ್ಣು ಮುಚ್ಚಿಯೇ ಇತ್ತು. ಬೆರಳು ಹಾಸಿಗೆಯ ಮೇಲೆ ತಡಕಿ, ಪರದೆಯನ್ನು ಒಮ್ಮೆ ತಟ್ಟಿತು. ಬೆಳಕು ಬಂತು. ಬೆರಳು ಅಲ್ಲೇ, ಪರದೆಯ ಅಂಚಿನಲ್ಲಿ ಕಾಯುತ್ತಾ ನಿಂತಿತು.

‘ಅವಳಿಗೆ ನೋವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ತುಂಬಾ ನೋವಾಯಿತು. ಈಗಲೂ ಆಗುತ್ತಿದೆ. ಆದರೆ ಅವನು ಬಂದು ಪಕ್ಕದಲ್ಲಿ ಕೂರುವುದನ್ನು ನಿಲ್ಲಿಸಿದರೆ ಇದಕ್ಕಿಂತ ಹೆಚ್ಚಾಗುತ್ತದೆ. ಅವನಿಗೆ ಇದನ್ನು ಹೇಗೆ ಹೇಳಬೇಕೋ ಅವಳಿಗೆ ಗೊತ್ತಿರಲಿಲ್ಲ.’

ಅದರ ಕೆಳಗೆ ಏನೂ ಇರಲಿಲ್ಲ.

“ಅಕ್ಕಾ,” ಅಂದ. ಮತ್ತೆ ಅಂದ. “ಅಕ್ಕಾ, ಹೊಂದಿತ್ತು.”

“ಹೂಂ,” ಅಂದಳು.

“ನಾನು…” ಅಂದ. ಮುಂದಿನ ಪದಕ್ಕಾಗಿ ಬಾಯಿ ತೆರೆದು ನಿಂತ. ಕೊಡುತ್ತೇನೆ ಎಂಬ ಪದ ಗಂಟಲವರೆಗೆ ಬಂತು. ಅದರ ಹಿಂದೆಯೇ ಬೆನ್ನಿನ ಕೆಳಗೆ, ಪಕ್ಕೆಲುಬಿನ ಮರೆಯಲ್ಲಿ, ಅವನಿಗೆ ಈಗ ಚೆನ್ನಾಗಿ ಗೊತ್ತಿದ್ದ ಆ ಜಾಗ ತಣ್ಣಗಾಯಿತು. ಓದಲು ಎದುರಿಗೆ ಯಾವ ಪುಟವೂ ಇರಲಿಲ್ಲ. ಕಣ್ಣೀರು ಇಳಿದು ಮೂಗಿನ ತುದಿಗೆ ಬಂದು ನಿಂತಿತು, ಒರೆಸಿಕೊಳ್ಳಲು ಕೈಯಿರಲಿಲ್ಲ. ಮೇಷ್ಟ್ರು ಯಾಕೋ ಗೋಡೆಯ ಕಡೆ ತಿರುಗಿ ಮಲಗಿದರು.

ಅಕ್ಕ ಕಣ್ಣು ತೆರೆದು ಗಡಿಯಾರ ನೋಡಿದಳು. ಆಮೇಲೆ ಅವನ ಕೈ ನೋಡಿದಳು. ಹತ್ತಿಬಟ್ಟೆಯ ಅಂಚು ಕೆಂಪಾಗುತ್ತಿತ್ತು.

“ಸಡಿಲ ಬಿಡ್ತಾ ಇದ್ದೀಯ,” ಅಂದಳು. “ಗಟ್ಟಿಯಾಗಿ ಒತ್ತು. ಇನ್ನೂ ನಾಲ್ಕು ನಿಮಿಷ ಇದೆ.”

ಅವನು ಒತ್ತಿದ.